ದಾವಣಗೆರೆಯ ಚೈನ್ ಹೋಟೆಲ್ ರೂಂ: ಆ ಮುನ್ನೂರು ರೂಪಾಯಿ ಜಾಸ್ತಿ ಯಾತಕ್ಕೆ?

ನನ್ನದು ಹಲ್ಲಿನ ಡಾಕ್ಟರುಗಳಿಗೆ ಸಾಮಾನು ಮಾರುವ ಕೆಲಸ. ಅಚ್ಚು ತೆಗೆಯುವ ಪುಡಿ, ಸಿಮೆಂಟು, ಡ್ರಿಲ್ಲಿಗೆ ಹಾಕುವ ಬರ್, ಇಂಥವು. ದಾವಣಗೆರೆಯಲ್ಲಿ ಎರಡು ಡೆಂಟಲ್ ಕಾಲೇಜುಗಳಿವೆ, ಚಿತ್ರದುರ್ಗದಲ್ಲೂ ಇದೆ. ಹಾಗಾಗಿ ಹುಬ್ಬಳ್ಳಿಯಿಂದ ಈ ಕಡೆ ಓಡಾಟ ಮಾಮೂಲು. ರಾತ್ರಿ ಉಳಿದರೆ ಕಂಪನಿ ಕೊಡುವುದು 1,500 ರೂಪಾಯಿ, ಊಟ ತಿಂಡಿ ಎಲ್ಲ ಅದರಲ್ಲೇ. ಊರೂರಲ್ಲಿ ಒಂದೇ ಬೋರ್ಡಿನ ಕೆಳಗೆ ನಡೆಯುವ ಕಡಿಮೆ ರೇಟಿನ ಚೈನ್ ಹೋಟೆಲ್‌ಗೆ ಕೊಟ್ಟ ದುಡ್ಡು ಸಾರ್ಥಕವಾ ಅನ್ನುವುದು ನನಗೆ ಸುಮ್ನೆ ಹರಟೆಯ ವಿಷಯ ಅಲ್ಲ, ತಿಂಗಳ ಲೆಕ್ಕ.

ಈ ಸಲ ಉಳಿದದ್ದು ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಚೈನ್ ಹೋಟೆಲ್‌ನಲ್ಲಿ. ಆ್ಯಪ್‌ನಲ್ಲಿ 2,400 ಎಂದು ಬರೆದು ಅದರ ಮೇಲೆ ಗೆರೆ ಎಳೆದಿದ್ದರು. ಪಕ್ಕದಲ್ಲಿ 1,090. ಟ್ಯಾಕ್ಸ್ ಸೇರಿ 1,145. ಆ 2,400 ಯಾರಾದರೂ ಯಾವತ್ತಾದರೂ ಕೊಟ್ಟಿದ್ದಾರಾ, ದೇವರಿಗೇ ಗೊತ್ತು.

ರೂಂ ಕೆಟ್ಟದಾಗಿರಲಿಲ್ಲ. ಬಿಳಿ ಬೆಡ್‌ಶೀಟು ಸುಕ್ಕಿಲ್ಲದೆ ಎಳೆದು ಹಾಸಿದ್ದರು. ಎಸಿ ತಣ್ಣಗೆ ಬೀಸಿತು. ಬಾತ್‌ರೂಮಿನಲ್ಲಿ ಗೀಸರ್ ಇತ್ತು, ಯಾವ ಹೊತ್ತಿಗೆ ಬೇಕಾದರೂ ಬಿಸಿನೀರು. ಇದು ದೊಡ್ಡ ವಿಷಯ. ಇಲ್ಲಿನ ಹಳೇ ಲಾಡ್ಜುಗಳಲ್ಲಿ ಸೋಲಾರ್ ನೀರು ಬೆಳಗ್ಗೆ 6ರಿಂದ 8ರ ತನಕ ಮಾತ್ರ. ಏಳೂವರೆಗೆ ಎದ್ದರೆ ಮೂರನೇ ಮಹಡಿಯವರಿಗೆ ಉಗುರು ಬೆಚ್ಚಗಿನ ನೀರೂ ಸಿಗುವುದಿಲ್ಲ. ಟವೆಲ್ ಒಂದೇ ಇಟ್ಟಿದ್ದರು, ಕೇಳಿದ ಮೇಲೆ ಇನ್ನೊಂದು ಬಂತು. ಕೆಟಲ್‌ನ ತಳದಲ್ಲಿ ಬಿಳಿ ಉಪ್ಪು ಗಟ್ಟಿಯಾಗಿ ಕೂತಿತ್ತು, ಬೋರ್ ನೀರಿನ ಪ್ರಭಾವ. ನಾನು ಅದರಲ್ಲಿ ಚಹಾ ಮಾಡಲಿಲ್ಲ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ, ಜೊತೆಗೆ ಸೊಳ್ಳೆ. ಸುತ್ತ ಭದ್ರಾ ನಾಲೆಯ ಗದ್ದೆಗಳಿರುವ ಊರು, ಸೊಳ್ಳೆಗೆ ಹೋಟೆಲ್‌ನವರನ್ನು ಬೈದು ಪ್ರಯೋಜನ ಇಲ್ಲ. ಆದರೆ ಪ್ಲಗ್ಗಿಗೆ ಹಾಕುವ ಒಂದು ಲಿಕ್ವಿಡ್ ಬಾಟಲಿ ಇಡಬಹುದಿತ್ತು, ಅಲ್ವಾ?

ಒಂದು ಮಜಾ ನೋಡಿದೆ. ಬೆಡ್‌ಶೀಟಿನ ಮೂಲೆಯಲ್ಲಿ ಬೇರೆ ಯಾವುದೋ ಲಾಡ್ಜಿನ ಸೀಲು ಇತ್ತು. ಕೀಲಿ ಕೈಗೆ ಕಟ್ಟಿದ ಹಿತ್ತಾಳೆ ಬಿಲ್ಲೆಯ ಮೇಲೂ ಅದೇ ಹೆಸರು. ಅಂದರೆ ಲಾಡ್ಜು ಹಳೆಯದೇ, ಬೋರ್ಡು ಮಾತ್ರ ಹೊಸದು.

ಇದರಲ್ಲಿ ಗುಟ್ಟೇನೂ ಇಲ್ಲ. ಟಾಟಾದವರ ಜಿಂಜರ್ 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಇಂಡಿಒನ್ ಅನ್ನುವ ಹೆಸರಲ್ಲಿ ಶುರುವಾದಾಗ ಹೋಟೆಲನ್ನು ಕಂಪನಿಯೇ ನಡೆಸುತ್ತಿತ್ತು. 2013ರಲ್ಲಿ ಬಂದ ಓಯೋ, 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟ್ರೀಬೊ ಹಿಡಿದ ದಾರಿ ಬೇರೆ. ಮೊದಲೇ ಇದ್ದ ಲಾಡ್ಜಿನ ಮಾಲೀಕರ ಜೊತೆ ಒಪ್ಪಂದ ಮಾಡಿಕೊಂಡರು. ಬೋರ್ಡು, ಆ್ಯಪು, ರೇಟು ಇವರದು. ಕಟ್ಟಡ, ನೀರು, ರೂಂ ಬಾಯ್ ಮಾಲೀಕರದು. ಬಂದ ದುಡ್ಡಿನಲ್ಲಿ ಇವರಿಗೊಂದು ಪಾಲು. ನಾನು ಉಳಿದದ್ದು ಈ ಎರಡೂ ಅಲ್ಲ, ಅದರ ಹೆಸರು ಬೇಡ, ಆದರೆ ವ್ಯವಸ್ಥೆ ಇದೇ. ಮಾಲೀಕ ಅಚ್ಚುಕಟ್ಟಾದವನಾಗಿದ್ದರೆ ರೂಂ ಅಚ್ಚುಕಟ್ಟು. ಇಲ್ಲದಿದ್ದರೆ ಅದೇ ಬೋರ್ಡಿನ ಕೆಳಗೆ ನಲ್ಲಿ ಸೋರುತ್ತಿರುತ್ತದೆ. ಹಾಗಾಗಿ ಚೈನಿನ ಹೆಸರು ನೋಡಿ ಬುಕ್ ಮಾಡುವುದನ್ನು ಬಿಟ್ಟು, ಕಳೆದ ಎರಡು ಮೂರು ತಿಂಗಳಲ್ಲಿ ಉಳಿದವರು ಹಾಕಿದ ಫೋಟೊ ನೋಡುತ್ತೇನೆ. ಕಂಪನಿಯವರು ಹಾಕಿದ ಫೋಟೊದಲ್ಲಿ ಎಲ್ಲ ರೂಮಿಗೂ ಬಾಲ್ಕನಿ ಇರುತ್ತದೆ.

ಈಗ ಹೊತ್ತಿನ ಲೆಕ್ಕ. ಚೈನ್‌ಗಳಲ್ಲಿ ಮಧ್ಯಾಹ್ನ 12ಕ್ಕೆ ಒಳಗೆ, ಮರುದಿನ 11ಕ್ಕೆ ಹೊರಗೆ. ಬೆಳಗಿನ ಜಾವ ರೈಲಿಳಿದು ಬಂದರೆ ರಿಸೆಪ್ಶನ್‌ನ ಸೋಫಾದಲ್ಲಿ ಕೂರಬೇಕು, ಇಲ್ಲವಾದರೆ ಬೇಗ ಒಳಬಿಡಲು ಬೇರೆ ದುಡ್ಡು. ನನಗೆ 300 ಕೇಳಿದರು. ನಮ್ಮ ಕಡೆಯ ಹಳೇ ಲಾಡ್ಜುಗಳಲ್ಲಿ ಎಷ್ಟೋ ಕಡೆ ಇನ್ನೂ 24 ಗಂಟೆಯ ಚೆಕ್‌ಔಟ್ ಇದೆ. ಬೆಳಗ್ಗೆ ಆರಕ್ಕೆ ಹೋದರೆ ಮರುದಿನ ಆರರ ತನಕ ರೂಂ ನಮ್ಮದು. ಸ್ನಾನ ಮಾಡಿ, ಸ್ಯಾಂಪಲ್ ಬ್ಯಾಗು ಇಟ್ಟು, ಕಾಲೇಜು ಸುತ್ತಿ, ಮಧ್ಯಾಹ್ನ ಬಂದು ಅರ್ಧ ಗಂಟೆ ಅಡ್ಡಾಗಿ, ರಾತ್ರಿ ಮಲಗಿ ಹೊರಡಬಹುದು. 850 ರೂಪಾಯಿಯ ಲಾಡ್ಜು ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಕಾರಿನಲ್ಲಿ ಬೆಂಗಳೂರಿಂದ ಸಂಜೆ ಬಂದು ಬೆಳಗ್ಗೆ ಎದ್ದು ಮುಂದೆ ಹೋಗುವವರಿಗೆ ಈ ತೊಂದರೆ ಇಲ್ಲ, ಅವರಿಗೆ ಚೈನೇ ಸರಿ.

ತಿಂಡಿ ಫ್ರೀ ಎಂದು ಹೇಳಿಕೊಳ್ಳುತ್ತಾರೆ. ಬ್ರೆಡ್ಡು, ಜಾಮು, ಒಣಗಿದ ಉಪ್ಪಿಟ್ಟು. ದಾವಣಗೆರೆಗೆ ಬಂದು, ಹೊರಗೆ ನಾಲ್ಕು ಹೆಜ್ಜೆ ಇಟ್ಟರೆ ಬೆಣ್ಣೆ ದೋಸೆ, ಬಿಳಿ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ ಸಿಗುವಾಗ ಈ ಬ್ರೆಡ್ಡು ತಿನ್ನುವವರ ಬಗ್ಗೆ ನನಗೆ ಮರುಕ ಇದೆ. ತಿಂಡಿ ಇಲ್ಲದ ರೇಟು ಇದ್ದರೆ ಅದನ್ನೇ ಒತ್ತಿ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಚೈನ್‌ಗೆ ಹೋಗುತ್ತೇನೆ? ನಾನು ಒಬ್ಬಳೇ ಓಡಾಡುವ ಹೆಂಗಸು, ಅದಕ್ಕೆ.

ಲಾಡ್ಜಿನ ಕೌಂಟರ್ ಮುಂದೆ ನಿಂತರೆ ಮ್ಯಾನೇಜರ್ ಮೊದಲು ನೋಡುವುದು ನನ್ನ ಹಿಂದೆ ಯಾರಿದ್ದಾರೆ ಅಂತ. 'ಒಬ್ರೇನಾ ಮೇಡಂ? ಮನೆಯವರು ಬರ್ತಾರಾ?' ಇಲ್ಲ ಅಂದರೆ ಮುಖ ಬದಲಾಗುತ್ತದೆ. 'ಲೇಡೀಸ್ ಸಿಂಗಲ್ ಕೊಡಲ್ಲ ಮೇಡಂ, ಓನರ್ ಹೇಳಿದಾರ.' ಒಂಟಿ ಹೆಂಗಸಿಗೆ ರೂಂ ಕೊಡಬಾರದು ಅನ್ನುವ ಕಾನೂನು ಎಲ್ಲೂ ಇಲ್ಲ. ನನ್ನ ಹತ್ತಿರ ಆಧಾರ್ ಇದೆ, ಕಂಪನಿ ಕಾರ್ಡು ಇದೆ, ತಲೆಯಲ್ಲಿ ಬಿಳಿ ಕೂದಲೂ ಇದೆ. ಆದರೂ ರಾತ್ರಿ ಒಂಬತ್ತಕ್ಕೆ, ಎರಡು ಭಾರದ ಬ್ಯಾಗು ಹಿಡಿದು, ಒಂದು ಲಾಡ್ಜಿಂದ ಇನ್ನೊಂದಕ್ಕೆ ನಡೆದಿದ್ದೇನೆ. ನನ್ನ ಜೊತೆ ಕೆಲಸ ಮಾಡುವ ಹುಡುಗನಿಗೆ ಅದೇ ಕೌಂಟರಿನಲ್ಲಿ ಎರಡು ನಿಮಿಷದಲ್ಲಿ ಕೀಲಿ ಕೈ ಸಿಗುತ್ತದೆ. ಚೈನ್‌ನಲ್ಲಿ ಬುಕ್ ಮಾಡಿ ಹೋದರೆ ಯಾರೂ ಹಿಂದೆ ಇಣುಕುವುದಿಲ್ಲ. ಆಧಾರ್ ತೋರಿಸಿದೆ, ಕೀಲಿ ಕೈ ಕೊಟ್ಟರು, ಮುಗೀತು. ಲಾಡ್ಜಿನ 850ಕ್ಕಿಂತ ಮುನ್ನೂರು ರೂಪಾಯಿ ಜಾಸ್ತಿ ಕೊಡುವುದು ಇದಕ್ಕೆ. ಎಸಿಗೂ ಅಲ್ಲ, ಬಿಳಿ ಬೆಡ್‌ಶೀಟಿಗೂ ಅಲ್ಲ.

ಹಾಗಂತ ಅದೂ ಗ್ಯಾರಂಟಿ ಅಲ್ಲ. ಚಿತ್ರದುರ್ಗದಲ್ಲಿ ಒಂದು ಸಲ ಬುಕಿಂಗ್ ಮೆಸೇಜು ತೋರಿಸಿದರೆ ಕೌಂಟರಿನವರು, 'ನಮ್ಮದು ಆ ಕಂಪನಿ ಜೊತೆ ಮುಗಿದಿದೆ ಮೇಡಂ, ಬೋರ್ಡ್ ತೆಗೆದಿಲ್ಲ ಅಷ್ಟೇ' ಅಂದರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆ ಕಡೆ ಹಿಂದಿ. ಹೈವೇ ಪಕ್ಕದ ಇನ್ನೊಂದು ಹೋಟೆಲ್‌ಗೆ ಹೋಗಿ ಅಂದರು, ಆಟೋದವರು 200 ಕೇಳಿದರು. ಕೊನೆಗೆ ರೂಂ ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಹತ್ತಿರದ ಹಳೇ ಲಾಡ್ಜಿನಲ್ಲಿ. ಅಲ್ಲಿನ ವಯಸ್ಸಾದ ಮ್ಯಾನೇಜರ್ ಬ್ಯಾಗು ನೋಡಿ, 'ಡಾಕ್ಟರ್ ಸಾಮಾನೇನಮ್ಮಾ?' ಎಂದು ಕೇಳಿ, ಮೊದಲನೇ ಮಹಡಿಯಲ್ಲಿ ತಮ್ಮ ಕೌಂಟರಿಗೆ ಕಾಣುವ ರೂಮನ್ನೇ ಕೊಟ್ಟರು. ಬೆಡ್‌ಶೀಟು ಹೂವಿನ ಚಿತ್ತಾರದ್ದು, ಬಣ್ಣ ಹೋದದ್ದು. ನಿದ್ದೆ ಚೆನ್ನಾಗಿ ಬಂತು. ಮುಂಗಡ ಕಟ್ಟಿದ್ದ ದುಡ್ಡು ವಾಪಸ್ ಬರಲು ಹನ್ನೊಂದು ದಿನ ಹಿಡಿಯಿತು. ಕೋಟೆ ನೋಡಲು ಮನೆಮಂದಿ ಜೊತೆ ಬರುವವರಾದರೆ ಕೋಟೆ ಹತ್ತಿರವೇ ಸರ್ಕಾರಿ ಪ್ರವಾಸೋದ್ಯಮ ನಿಗಮವಾದ ಕೆಎಸ್‌ಟಿಡಿಸಿಯ ಮಯೂರ ಹೋಟೆಲ್ ಇದೆ, ಅದನ್ನೂ ಒಮ್ಮೆ ವಿಚಾರಿಸಿ.

ಬಿಲ್ಲಿನ ವಿಷಯಕ್ಕೆ ಬಂದರೆ ಚೈನ್‌ನವರು ವಾಸಿ. ಜಿಎಸ್‌ಟಿ ನಂಬರ್ ಇರುವ ಬಿಲ್ಲು ಮೇಲ್‌ಗೆ ಬರುತ್ತದೆ, ಕಂಪನಿಯ ಅಕೌಂಟ್ಸ್‌ನವರು ತುಟಿ ಬಿಚ್ಚದೆ ಪಾಸ್ ಮಾಡುತ್ತಾರೆ. ಲಾಡ್ಜಿನ ಕಾರ್ಬನ್ ಇಟ್ಟು ಪೆನ್ನಲ್ಲಿ ಬರೆದ ಬಿಲ್ಲಿಗೆ ಪ್ರತಿ ಸಲ ಒಂದು ಪ್ರಶ್ನೆ. ಟ್ಯಾಕ್ಸ್ ಕೂಡ ಈಗ ಹಗುರ. 2022ರ ಜುಲೈಯಿಂದ ಸಾವಿರದೊಳಗಿನ ರೂಮಿಗೂ 12 ಪರ್ಸೆಂಟ್ ಹಾಕುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿ ತನಕದ ರೂಮಿಗೆ 5 ಪರ್ಸೆಂಟ್ ಆಗಿದೆ.

ರೇಟಿನ ಬಗ್ಗೆ ಇನ್ನೊಂದು. ಆ್ಯಪ್‌ನಲ್ಲಿ ನೋಡಿ, ಆಮೇಲೆ ನೇರ ಲಾಡ್ಜಿಗೇ ಫೋನ್ ಮಾಡಿ ಕೇಳಿ. 2022ರ ಅಕ್ಟೋಬರ್‌ನಲ್ಲಿ ವ್ಯಾಪಾರದಲ್ಲಿ ಅನ್ಯಾಯದ ಪೈಪೋಟಿ ತಡೆಯುವ ಸ್ಪರ್ಧಾ ಆಯೋಗ, ರೂಂ ಬುಕಿಂಗ್ ಆ್ಯಪ್‌ಗಳಾದ ಮೇಕ್‌ಮೈಟ್ರಿಪ್-ಗೋಐಬಿಬೊಗೆ 223.48 ಕೋಟಿ, ಓಯೋಗೆ 168.88 ಕೋಟಿ ದಂಡ ಹಾಕಿತ್ತು. ಆ ಕೇಸಿನಲ್ಲಿದ್ದ ತಕರಾರುಗಳಲ್ಲಿ ಒಂದು, ಹೋಟೆಲ್‌ನವರು ಬೇರೆ ಕಡೆ ಇದಕ್ಕಿಂತ ಕಡಿಮೆಗೆ ರೂಂ ಕೊಡುವಂತಿಲ್ಲ ಎಂದು ಮೇಕ್‌ಮೈಟ್ರಿಪ್‌ನವರು ಹಾಕಿದ್ದ ಷರತ್ತು. ಆ್ಯಪ್‌ಗಿಂತ ಕಡಿಮೆಗೆ ಕೊಡಲು ಮಾಲೀಕರು ತಯಾರಿರುತ್ತಾರೆ ಅಂತ ಇದರಿಂದಲೇ ಗೊತ್ತಾಗುತ್ತದೆ. ನಾನು ಫೋನ್ ಮಾಡಿದ ದಾವಣಗೆರೆಯ ಮಾಲೀಕರೊಬ್ಬರು, 'ಆ್ಯಪ್‌ನಾಗ ಮಾಡಬ್ಯಾಡ್ರಿ ಮೇಡಂ, ನೇರ ಬರ್ರಿ, ನೂರು ರೂಪಾಯಿ ಕಮ್ಮಿ ಹಾಕ್ತೀನಿ' ಅಂದರು. ಅವರ ಲಾಡ್ಜಿನಲ್ಲಿ 24 ಗಂಟೆ ಚೆಕ್‌ಔಟ್ ಇದೆ, ಒಂಟಿ ಹೆಂಗಸಿಗೆ ರೂಮೂ ಕೊಡುತ್ತಾರೆ. ಫೋನಲ್ಲೇ ಕೇಳಿ ಖಾತ್ರಿ ಮಾಡಿಕೊಂಡೆ. ಈಗ ದಾವಣಗೆರೆಯಲ್ಲಿ ಮೊದಲು ಅಲ್ಲಿಗೇ ಫೋನ್ ಮಾಡುವುದು. ಅಲ್ಲಿ ಇಲ್ಲದಿದ್ದರೆ ಮಾತ್ರ ಆ್ಯಪು. ಮದುವೆ ಸೀಸನ್‌ನಲ್ಲಿ ಅಲ್ಲಿ ರೂಂ ಸಿಗುವುದಿಲ್ಲ, ಆ್ಯಪ್‌ನಲ್ಲಿ 1,090 ಇದ್ದದ್ದು 1,900 ಆಗಿರುತ್ತದೆ. ಆ ದಿನಗಳಲ್ಲಿ ನಾನು ಕಾಲೇಜಿನ ಕೆಲಸ ಬೇಗ ಮುಗಿಸಿ ಸಂಜೆಯ ರೈಲಿಗೆ ಹುಬ್ಬಳ್ಳಿಗೆ ವಾಪಸ್ ಹೋಗಿಬಿಡುತ್ತೇನೆ.