ಬಳ್ಳಾರಿ, ರಾಯಚೂರು, ಕೊಪ್ಪಳ: ಬಿಎಸ್ಸಿಗೆ ಸೇರುವ ಮೊದಲು ನೋಡಿಬಂದ ಮೂರು ಕಾಲೇಜು

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಓದುತ್ತಿರುವುದು ಕೊಪ್ಪಳದಲ್ಲಿ. ಹಾಗಾಗಿ ಯಾವುದು ಗೆದ್ದಿತು ಅಂತ ಕೊನೆಯವರೆಗೆ ಕಾಯಬೇಕಿಲ್ಲ. ಆದರೆ ನೋಡಲು ಹೊರಟಾಗ ನನ್ನ ಪಟ್ಟಿಯಲ್ಲಿ ಕೊಪ್ಪಳ ಕೊನೆಯಲ್ಲಿತ್ತು, ಅಪ್ಪನ ಪಟ್ಟಿಯಲ್ಲಂತೂ ಇರಲೇ ಇಲ್ಲ. ಈ ಸಲ ಪಿಯುಸಿ ಮುಗಿಸಿ ಸೈನ್ಸ್ ಡಿಗ್ರಿಗೆ ಕಾಲೇಜು ಹುಡುಕುತ್ತಿರುವವರಿಗೆ, ಅದರಲ್ಲೂ ಹುಡುಗಿಯರಿಗೆ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. ಕಾಲೇಜುಗಳ ಹೆಸರು ಹಾಕುವುದಿಲ್ಲ, ಊರಿನ ಹೆಸರಿನಿಂದಲೇ ಕರೆಯುತ್ತೇನೆ.

ನಮ್ಮದು ಸಿಂಧನೂರು. ಸಿರುಗುಪ್ಪ ಮೇಲೆ ಹೋದರೆ ಬಳ್ಳಾರಿ, ಮಾನ್ವಿ ಮೇಲೆ ರಾಯಚೂರು, ಗಂಗಾವತಿ ಮೇಲೆ ಕೊಪ್ಪಳ. ಮೂರೂ ಹೆಚ್ಚುಕಡಿಮೆ 90 ಕಿ.ಮೀ. ಆಸುಪಾಸು. ದಿನಾ ಓಡಾಡುವ ಮಾತಿಲ್ಲ, ಎಲ್ಲಿ ಸೇರಿದರೂ ಅಲ್ಲೇ ಇರಬೇಕು. ಬಸ್ಸಿನ ಖರ್ಚು ನನ್ನ ಲೆಕ್ಕಕ್ಕೆ ಬರಲಿಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಅಪ್ಪ ದುಡ್ಡು ಕೊಟ್ಟು ಟಿಕೆಟ್ ತೆಗೆಸುತ್ತಾರೆ, ನಾನು ಆಧಾರ್ ತೋರಿಸುತ್ತೇನೆ. ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿ ಮೂರೂ ಜಿಲ್ಲೆಗೆ ಒಂದೇ. 2024–25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದದ್ದರಿಂದ ಅವಧಿಯೂ ಎಲ್ಲ ಕಡೆ ಒಂದೇ. ಅರ್ಜಿ ಹಾಕುವುದೂ ಅದೇ ಯುಯುಸಿಎಂಎಸ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ, ಅದು ನಡುರಾತ್ರಿ ಬಿಟ್ಟರೆ ಬೇರೆ ಹೊತ್ತಿನಲ್ಲಿ ತೆರೆದುಕೊಳ್ಳದಿರುವುದೂ ಎಲ್ಲರಿಗೂ ಒಂದೇ. ಇವನ್ನೆಲ್ಲ ಬಿಟ್ಟು, ಹೋಗಿ ನಿಂತು ನೋಡಿದರೆ ಮಾತ್ರ ಗೊತ್ತಾಗುವುದನ್ನಷ್ಟೇ ಹೇಳುತ್ತೇನೆ.

ನನಗೆ ಬೇಕಿದ್ದದ್ದು ಸಿಬಿಝಡ್: ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಆಮೇಲೆ ಬಿ.ಇಡಿ ಮಾಡಿ ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್ ಆಗಬೇಕು ಅನ್ನುವುದು ಲೆಕ್ಕ. ಅಂದರೆ ನನಗೆ ಲ್ಯಾಬು ಮುಖ್ಯ. ಪ್ಲೇಸ್‌ಮೆಂಟ್, ಕಾಲೇಜು ಡೇ, ವೈಫೈ ಇವ್ಯಾವುವೂ ಅಲ್ಲ.

ಬಳ್ಳಾರಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅಲ್ಲಿ ನಾನು ಮನಸೋತೇಹೋಗಿದ್ದೆ. ಖಾಸಗಿ ಕಾಲೇಜು. ಗೇಟಿನಿಂದಲೇ ರ‍್ಯಾಂಕ್ ಬಂದವರ ಫ್ಲೆಕ್ಸುಗಳು. ಅಡ್ಮಿಶನ್ ಕೌಂಟರಿನಲ್ಲಿ ಎಸಿ, ಕೂತ ಕೂಡಲೇ ಕೈಗೊಂದು ನೀರಿನ ಬಾಟಲಿ. ಜೂನ್ ತಿಂಗಳಲ್ಲಿ ಬಳ್ಳಾರಿಗೆ ಕಾಲಿಟ್ಟವರಿಗೆ ಆ ಬಾಟಲಿಯ ಬೆಲೆ ಗೊತ್ತು. ಒಬ್ಬ ಮೇಡಂ ನಮ್ಮ ಜೊತೆಗೇ ಬಂದು ಎಲ್ಲ ತೋರಿಸಿದರು. ಮೂರನೇ ಮಹಡಿಯಲ್ಲಿ ಲ್ಯಾಬು, ಸಾಲಾಗಿ ಹೊಸ ಮೈಕ್ರೋಸ್ಕೋಪುಗಳು, ಒಳಗೇ ಎಲ್‌ಇಡಿ ದೀಪ ಇರುವಂಥವು. ಕವರ್ ತೆಗೆದಿರಲಿಲ್ಲ. ಲೈಬ್ರರಿ ದೊಡ್ಡದು. ಕ್ಯಾಂಟೀನಿನ ಒಗ್ಗರಣಿ, ಮಿರ್ಚಿ ಕೂಡ ಚೆನ್ನಾಗಿತ್ತು. ಅಪ್ಪ ಅಷ್ಟರಲ್ಲೇ ಮನಸ್ಸಿನಲ್ಲಿ ಫೀಸು ಕಟ್ಟಿ ಮುಗಿಸಿದ್ದರು.

ಇಲ್ಲಿ ನನ್ನದೊಂದು ಅಭ್ಯಾಸ ಹೇಳಬೇಕು. ಹೊಸ ಜಾಗಕ್ಕೆ ಹೋದರೆ ಮೊದಲು ಶೌಚಾಲಯ ಎಲ್ಲಿದೆ, ಚಿಲಕ ಬೀಳುತ್ತದಾ, ನೀರು ಬರುತ್ತದಾ ಅಂತ ನೋಡಿಕೊಳ್ಳುತ್ತೇನೆ. ಪಿಯುಸಿ ಓದಿದ ಕಡೆ ಅದು ಸರಿಯಿರಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ನೀರೇ ಕುಡಿಯದೆ ಕೂತು ಕೂತು, ಉರಿಮೂತ್ರ ಆಗಿ ಆಸ್ಪತ್ರೆ ಹತ್ತಿದವಳು ನಾನು. ನಮ್ಮ ಕ್ಲಾಸಿನಲ್ಲಿ ನಾನೊಬ್ಬಳೇ ಅಲ್ಲ. ಹಾಗಾಗಿ ಆ ಮೇಡಂ ಸ್ಮಾರ್ಟ್ ಬೋರ್ಡಿನ ಬಗ್ಗೆ ಹೇಳುತ್ತಿರುವಾಗ ನಾನು ಕೇಳಿದ್ದು, "ಲೇಡೀಸ್ ಟಾಯ್ಲೆಟ್ ಎಲ್ಲೈತ್ರಿ ಮೇಡಂ?"

"ಕೆಳಗ ಐತಿ. ಆಫೀಸಿನಾಗ ಕೀಲಿ ಇಸ್ಕೊಂಡು ಹೋಗಮ್ಮ" ಅಂದರು.

ಆಫೀಸು ನೆಲಮಹಡಿಯಲ್ಲಿ. ಫೀಸು ಕಟ್ಟುವ ಸಾಲು ಬಾಗಿಲವರೆಗೆ ನಿಂತಿತ್ತು: ತಂದೆಯಂದಿರು, ಅಣ್ಣತಮ್ಮಂದಿರು, ಹುಡುಗರು. ಒಳಗೆ ಕೂತಿದ್ದವರೆಲ್ಲ ಗಂಡಸರೇ. ಕ್ಯಾಲೆಂಡರಿನ ಪಕ್ಕ ಮೊಳೆಗೆ ಒಂದು ಕೀಲಿ ನೇತುಹಾಕಿದ್ದರು. ಕಳೆಯಬಾರದು ಅಂತ ಅದನ್ನು ಒಂದು ಹಳೆಯ ಡಸ್ಟರಿಗೆ ಕಟ್ಟಿದ್ದರು, ಡಸ್ಟರಿನ ಮರದ ಮೇಲೆ ಕೆಂಪು ಬಣ್ಣದಲ್ಲಿ "ಲೇಡೀಸ್" ಅಂತ ದೊಡ್ಡದಾಗಿ ಬರೆದಿತ್ತು. ಕೆಳಗೆ ಮೇಜಿನ ಮೇಲೆ ಒಂದು ರಿಜಿಸ್ಟರ್. ಹೆಸರು, ಕ್ಲಾಸು, ಕೀಲಿ ಒಯ್ದ ಹೊತ್ತು, ತಂದುಕೊಟ್ಟ ಹೊತ್ತು, ಸಹಿ. ನಾನು ಸುಮ್ಮನೆ ನೋಡುತ್ತಾ ನಿಂತಿದ್ದಕ್ಕೆ ಗುಮಾಸ್ತರು ವಿವರಿಸಿದರು: "ಹಂಗ ಬಿಟ್ರ ಹುಡುಗೀರು ಕ್ಲಾಸ್ ತಪ್ಪಿಸಿ ಅಲ್ಲೇ ಮೊಬೈಲ್ ಹಿಡ್ಕೊಂಡು ನಿಂದರ್ತಾರ್ರಿ. ಅದಕ್ಕ."

ಆ ಡಸ್ಟರು ಹಿಡಿದು, ಫೀಸಿನ ಸಾಲು ದಾಟಿ ಹೋದೆ. ಸಿಟ್ಟು ಬಂದದ್ದು ಒಳಗೆ ಹೋದ ಮೇಲೆ. ಅಷ್ಟು ಸ್ವಚ್ಛ! ಬಿಳಿ ಟೈಲ್ಸ್, ಕನ್ನಡಿ, ನಲ್ಲಿ ತಿರುಗಿಸಿದರೆ ರಭಸದಿಂದ ನೀರು. ಯಾರೂ ಬಳಸದಿದ್ದರೆ ಸ್ವಚ್ಛವಾಗಿರದೆ ಇನ್ನೇನು? ಈಗ ನೀವೇ ಲೆಕ್ಕ ಹಾಕಿ. ಲ್ಯಾಬು ಮೂರನೇ ಮಹಡಿ, ಕೀಲಿ ನೆಲಮಹಡಿ, ಪ್ರಾಕ್ಟಿಕಲ್ ಮೂರು ತಾಸು. ಇಳಿದು ಬಂದಾಗ ಮೊಳೆ ಖಾಲಿ ಇದ್ದರೆ, ಒಯ್ದವಳು ಬರುವವರೆಗೆ ಆ ಗಂಡಸರ ಮುಂದೆ ನಿಂತಿರಬೇಕು. ತಿಂಗಳ ದಿನಗಳಲ್ಲಿ ಆದರೆ ಒಂದೇ ಮಧ್ಯಾಹ್ನದಲ್ಲಿ ಎರಡು ಸಲ ಆ ಪುಸ್ತಕದಲ್ಲಿ ಸಹಿ. ಯಾವ ಹುಡುಗಿ ಹೋಗುತ್ತಾಳೆ? ಹೋಗುವುದಿಲ್ಲ, ನೀರು ಕುಡಿಯುವುದನ್ನು ಬಿಡುತ್ತಾಳೆ. ಬಳ್ಳಾರಿ ಬಿಸಿಲಿನಲ್ಲಿ.

ಮರಳಿ ಬರುವಾಗ ಸಿರುಗುಪ್ಪ ದಾಟುವವರೆಗೂ ಅಪ್ಪನಿಗೂ ನನಗೂ ಇದೇ ಜಗಳ. "ಇಷ್ಟಕ್ಕ ಅಂಥ ಕಾಲೇಜ್ ಬಿಡ್ತೀಯೇನ್ ಯವ್ವಾ?" ಅಂತ ಅಪ್ಪ. ಮನೆಯಲ್ಲಿ ಅವ್ವನಿಗೆ ಡಸ್ಟರಿನ ವಿಷಯ ಹೇಳಿದೆ. ಅವ್ವ ಒಂದೇ ಮಾತು ಹೇಳಿದಳು: "ಬ್ಯಾಡ." ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತವಳು ಅವಳೇ.

ಅಲ್ಲಿ ಇನ್ನೊಂದು ತಕರಾರೂ ಇತ್ತು. ಸಿಬಿಝಡ್‌ಗೆ ಸಾಕಷ್ಟು ಜನ ಸೇರದಿದ್ದರೆ ಬೇರೆ ಕಾಂಬಿನೇಷನ್‌ಗೆ ಹಾಕುತ್ತೇವೆ ಅಂದರು. ಈಗ ಎಲ್ಲರೂ ಬಿಸಿಎ ಬಾಗಿಲಲ್ಲಿ ನಿಂತಿರುವಾಗ ಸಸ್ಯಶಾಸ್ತ್ರಕ್ಕೆ ಯಾರು ಬರುತ್ತಾರೆ? ಫೀಸು ಕಟ್ಟುವ ಮೊದಲು ಈ ಪ್ರಶ್ನೆಯನ್ನು ಎಲ್ಲ ಕಡೆ ಕೇಳಿ. ಹಾಸ್ಟೆಲ್ಲು, ಫೀಸು ಸೇರಿ ಅವರು ಹೇಳಿದ ಮೊತ್ತ ನಮ್ಮ ಎರಡನೇ ಬೆಳೆಯ ಭತ್ತದ ದುಡ್ಡನ್ನು ಪೂರ್ತಿ ನುಂಗುವಂಥದ್ದು. ಆ ವರ್ಷ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡದಿದ್ದರೆ ಮುಗಿಯಿತು.

ರಾಯಚೂರಿನ ಬಗ್ಗೆ ಹೇಳುವುದು ಕಡಿಮೆ. ಕಾಲೇಜು ಒಳ್ಳೆಯದು, ನಿಜವಾಗಿ. ಪ್ರಾಣಿಶಾಸ್ತ್ರದ ಮೇಡಂ ಕೂರಿಸಿಕೊಂಡು, "ಬಿ.ಇಡಿ ಮಾಡೋದಿದ್ರ ಈಗಿಂದಾನ ಟಿಇಟಿ ಪುಸ್ತಕ ತಿರುವಿ ಹಾಕು" ಅಂದರು, ಯಾರೂ ಕೊಡದ ಬುದ್ಧಿಮಾತು. ಟಾಯ್ಲೆಟ್ ಸುಮಾರು, ಕೀಲಿ ಇಲ್ಲ. ಆದರೆ ಕಾಲೇಜಿಗೆ ಹಾಸ್ಟೆಲ್ ಇಲ್ಲ. ಹತ್ತಿರದ ಪಿಜಿಯಲ್ಲಿ ಖಾಲಿ ಇದ್ದದ್ದು ಮೇಲ್ಮಹಡಿಯ ತಗಡಿನ ಶೀಟಿನ ರೂಮು. ರಾಯಚೂರಿನ ಏಪ್ರಿಲ್‌ನಲ್ಲಿ ಅದರ ಕೆಳಗೆ ಮಲಗುವುದು ಹೆಂಚಿನ ಮೇಲಿನ ರೊಟ್ಟಿಗೆ ಮಾತ್ರ ಸಾಧ್ಯ. ಕುಡಿಯುವ ನೀರಿನ ವಿಷಯಕ್ಕೆ ಅವ್ವ ಮೊದಲೇ ಹೆದರಿದ್ದಳು. 2022ರಲ್ಲಿ ಆ ಊರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದು ನಮ್ಮ ಕಡೆ ಯಾರೂ ಮರೆತಿಲ್ಲ.

ಅತ್ತೆಯ ಮನೆ ರಾಯಚೂರಿನಲ್ಲೇ ಇದೆ, ಬಾಡಿಗೆಯೂ ಇಲ್ಲ ಊಟದ ಚಿಂತೆಯೂ ಇಲ್ಲ ಅಂತ ಎಲ್ಲರೂ ಹೇಳಿದರು. ಅತ್ತೆ ಒಳ್ಳೆಯವರು. ಆದರೆ ಆ ಮನೆಯಲ್ಲಿ ನಾನು ಓದುವ ಹುಡುಗಿಯಾಗಿ ಇರುವುದಿಲ್ಲ, ಸೊಸೆಯಾಗಿ ಇರುತ್ತೇನೆ. ಅತ್ತೆಗೆ ಮಗ ಬೇರೆ ಇದ್ದಾನೆ. ಮೂರು ವರ್ಷ ಅಲ್ಲಿದ್ದರೆ ನಮ್ಮ ನೆಂಟರು ನನ್ನನ್ನು ಕೇಳದೆಯೇ ಕಾರ್ಡು ಹಂಚಿಬಿಡುತ್ತಾರೆ. ರಾಯಚೂರು ಅಲ್ಲಿಗೆ ಮುಗಿಯಿತು.

ಕೊಪ್ಪಳಕ್ಕೆ ಹೋದದ್ದು ಗೆಳತಿಯ ಒತ್ತಾಯಕ್ಕೆ. ಸರ್ಕಾರಿ ಕಾಲೇಜು. ಹೊರಗಿನಿಂದ ನೋಡಿದರೆ ಯಾರೂ ಒಳಗೆ ಹೋಗುವುದಿಲ್ಲ: ಗೋಡೆಯ ಬಣ್ಣ ಉದುರಿದೆ, ಕಾರಿಡಾರಿನಲ್ಲಿ ಮುರಿದ ಡೆಸ್ಕುಗಳನ್ನು ಒಟ್ಟಿದ್ದಾರೆ, ನೀರಿನ ಬಾಟಲಿ ಇರಲಿ, ಬನ್ನಿ ಅನ್ನುವವರೂ ಇಲ್ಲ. ಅಪ್ಪ ಗೇಟಿನ ಹತ್ತಿರವೇ ಗಡಿಯಾರ ನೋಡಿಕೊಂಡರು.

ಆದರೆ ಅವತ್ತು ಅಲ್ಲಿ ಪ್ರಾಕ್ಟಿಕಲ್ ಪರೀಕ್ಷೆಯ ತಯಾರಿ ನಡೆದಿತ್ತು. ಸಸ್ಯಶಾಸ್ತ್ರದ ಲ್ಯಾಬಿನ ಬಾಗಿಲು ತೆಗೆದಿತ್ತು, ಅಟೆಂಡರ್ "ಬಾ ತಂಗಿ, ನೋಡು" ಅಂದರು. ಒಬ್ಬ ಹುಡುಗಿ ಈರುಳ್ಳಿ ಬೇರಿನ ತುದಿಯನ್ನು ಸ್ಲೈಡಿನ ಮೇಲೆ ಒತ್ತುತ್ತಿದ್ದಳು. ಅಸಿಟೋಕಾರ್ಮಿನ್ ಬಣ್ಣ ಹತ್ತಿ ಬೆರಳುಗಳೆಲ್ಲ ಕೆಂಪಾಗಿದ್ದವು. ಮೈಕ್ರೋಸ್ಕೋಪು ಹಳೆಯದು, ದೀಪ ಇಲ್ಲ, ಕೆಳಗೊಂದು ಗುಂಡು ಕನ್ನಡಿ. ಅದನ್ನು ಕಿಟಕಿ ಕಡೆ ತಿರುಗಿಸಿ ಬೆಳಕು ಹಿಡಿಯಬೇಕು. ಅವಳು ಎದ್ದು ಜಾಗ ಬಿಟ್ಟಳು. ಕಣ್ಣಿಟ್ಟು ನೋಡಿದರೆ ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದ ಕ್ರೋಮೋಸೋಮುಗಳು ಎರಡು ಕಡೆಗೆ ಎಳೆದುಕೊಂಡು ನಿಂತಿವೆ. ಪಿಯುಸಿಯ ಎರಡು ವರ್ಷದಲ್ಲಿ ನನಗೆ ಇದನ್ನು ಯಾರೂ ತೋರಿಸಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಲ್ಯಾಬು ನಿಲ್ಲಲಿಲ್ಲ. ಕನ್ನಡಿಗೆ ಕರೆಂಟು ಬೇಡವಲ್ಲ.

ಟಾಯ್ಲೆಟ್? ಅದೇ ಮಹಡಿಯ ತುದಿಯಲ್ಲಿ. ಕನ್ನಡಿ ಇಲ್ಲ, ಟೈಲ್ಸ್ ಒಡೆದಿವೆ. ಬಕೆಟ್, ಮಗ್ಗು, ನೀರು, ಒಳಗಿನಿಂದ ಬೀಳುವ ಚಿಲಕ ಇವೆ. ಹೊರಗೆ ಬೀಗ ಇಲ್ಲ. ನನಗೆ ಅಷ್ಟು ಸಾಕು.

ಅಪ್ಪನ ಆಕ್ಷೇಪ ವಿಶ್ವವಿದ್ಯಾಲಯದ್ದು. ಬಳ್ಳಾರಿಯಲ್ಲಿ ಓದಿದರೆ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಪದವಿ, 2010ರಿಂದ ಇರುವಂಥದ್ದು. ಕೊಪ್ಪಳ ವಿಶ್ವವಿದ್ಯಾಲಯ ಶುರುವಾದದ್ದೇ 2023ರಲ್ಲಿ. ಸಾಲದ್ದಕ್ಕೆ 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿದಾಗ ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. "ನಾಳೆ ಮುಚ್ಚಿದ್ರ ಮಾರ್ಕ್ಸ್ ಕಾರ್ಡ್ ಯಾರ್ ಕೊಡ್ತಾರ?" ಅಂತ ಅಪ್ಪ ಸೀದಾ ಅಲ್ಲಿನ ಸರ್ ಒಬ್ಬರನ್ನೇ ಕೇಳಿದರು. ಅವರು ನಕ್ಕು, "ಕಾಲೇಜು ಎಲ್ಲಿಗೂ ಹೋಗಲ್ರಿ ಯಜಮಾನ್ರ, ಇದು ಮೊದಲು ಬಳ್ಳಾರಿ ಕೆಳಗ ಇತ್ತು, ಹಂಗೇನಾರ ಆದ್ರ ವಾಪಸ್ ಅಲ್ಲಿಗೇ ಸೇರಿಸ್ತಾರ" ಅಂದರು. ಅಪ್ಪ ಪೂರ್ತಿ ಒಪ್ಪಲಿಲ್ಲ, ಆದರೆ ಮತ್ತೆ ಗಡಿಯಾರ ನೋಡಲಿಲ್ಲ.

ಸೇರಿದ ಮೇಲಿನ ಕಿರಿಕಿರಿಗಳನ್ನೂ ಹೇಳದಿದ್ದರೆ ಮೋಸವಾಗುತ್ತದೆ. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ, ಮೊದಲ ಸೆಮಿಸ್ಟರಿನಲ್ಲಿ ಪ್ರಾಣಿಶಾಸ್ತ್ರದ ಪಾಠ ಶುರುವಾಗುವಷ್ಟರಲ್ಲಿ ಬೇರೆ ವಿಷಯಗಳು ಅರ್ಧ ಮುಗಿದಿದ್ದವು. ಆಮೇಲೆ ಬಂದವರು ಶನಿವಾರವೂ ಕೂರಿಸಿ ಪಾಠ ಮುಗಿಸಿದರು. ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆಯ) ಹಾಸ್ಟೆಲ್ಲಿನ ಪಟ್ಟಿ ಬರುವವರೆಗೆ ಪಿಜಿಗೆ ದುಡ್ಡು ತೆತ್ತೆ. ಆ ಪಟ್ಟಿಯಲ್ಲಿ ಹೆಸರು ಬರದ ಗೆಳತಿ, ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆ ಸರ್ಕಾರ ದುಡ್ಡು ಕೊಡುವ ವಿದ್ಯಾಸಿರಿಗೆ ಹಾಕಿದ್ದಾಳೆ, ಆದರೆ ಆ ದುಡ್ಡು ಬರುವುದು ಯಾವಾಗ ಅನ್ನುವುದನ್ನು ನಂಬಿ ಪಿಜಿ ಬಾಡಿಗೆಯ ಮಾತು ಕೊಡಬೇಡಿ. ಕ್ಯಾಂಟೀನ್ ಇಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆ ಬಂದರೆ ಕ್ಲಾಸಿನಲ್ಲಿ ಯಾರೂ ಇರುವುದಿಲ್ಲ. ಇದನ್ನು ಕಿರಿಕಿರಿ ಅನ್ನಬೇಕೋ ಬೇಡವೋ, ಮಹಾದಾಸೋಹದಲ್ಲಿ ಉಂಡವಳು ನಾನು ಹೇಗೆ ಹೇಳಲಿ.

ಊರಿಗೆ ಹೋಗುವುದು ಮಾತ್ರ ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. 2024ರಲ್ಲಿ ಸಿಂಧನೂರಿನವರೆಗೆ ರೈಲು ಬಂತು, ಹುಬ್ಬಳ್ಳಿ ಗಾಡಿ ಕೊಪ್ಪಳದ ಮೇಲೇ ಹಾಯುತ್ತದೆ. ಬಸ್ಸು ಪುಕ್ಕಟೆ ಇದ್ದರೂ ಹಬ್ಬದ ಹಿಂದಿನ ದಿನ ಗಂಗಾವತಿಯವರೆಗೆ ನಿಂತೇ ಹೋಗಬೇಕು. ಆ ದಿನಗಳಲ್ಲಿ ದುಡ್ಡು ಕೊಟ್ಟು ರೈಲಿನಲ್ಲಿ ಕೂರುತ್ತೇನೆ.

ನನ್ನ ಆಯ್ಕೆ ಎಲ್ಲರಿಗೂ ಹೊಂದುವುದಿಲ್ಲ. ಖರ್ಚಿಗೆ ಹಿಂದೆಮುಂದೆ ನೋಡದ ಮನೆಯವರಿಗೆ, ಡಿಗ್ರಿ ಜೊತೆ ಕೋಚಿಂಗೂ ಬೇಕು ಅನ್ನುವವರಿಗೆ ಬಳ್ಳಾರಿಯೇ ಸರಿ, ಅಲ್ಲಿ ಸಿಗುವಷ್ಟು ಕೋಚಿಂಗ್ ಕೊಪ್ಪಳದಲ್ಲಿ ಸಿಗುವುದಿಲ್ಲ. ರಾಯಚೂರಿನಲ್ಲಿ ಮದುವೆಯ ವಯಸ್ಸಿನ ಮಗನಿಲ್ಲದ ಅತ್ತೆ ಇದ್ದರೆ ಕಣ್ಣುಮುಚ್ಚಿ ಅಲ್ಲಿಗೆ ಹೋಗಿ. ನನ್ನ ತಮ್ಮನಿಗೆ ಬಿಸಿಎ ಬೇಕಂತೆ. ಅಪ್ಪ ಈ ಸಲ ಅವನನ್ನು ಅದೇ ಬಳ್ಳಾರಿ ಕಾಲೇಜಿಗೆ ಸೇರಿಸುತ್ತೇನೆ ಅನ್ನುತ್ತಿದ್ದಾರೆ. ನಾನೇನೂ ಅಡ್ಡ ಹೇಳಿಲ್ಲ. ಗಂಡುಹುಡುಗರ ಟಾಯ್ಲೆಟ್ಟಿಗೆ ಅಲ್ಲಿ ಬೀಗ ಇರಲಿಲ್ಲ.