ತೊಗರಿಯ ಬೆನ್ನು ಹತ್ತಬೇಕೋ, ಪಟ್ಟಿಯ ಬೆನ್ನು ಹತ್ತಬೇಕೋ: ಪ್ರಕ್ರಿಯೆ ನಕ್ಷೆಯ ಮೂರು ವಿಧಾನಗಳ ಹೋಲಿಕೆ

ಕಲಬುರಗಿಯ ದಾಲ್ ಮಿಲ್ಲಿನ ಕೆಲಸವನ್ನು, ಗಂಜಿನ (ಎಪಿಎಂಸಿ ಮಾರುಕಟ್ಟೆಯ) ಖರೀದಿಯಿಂದ ಹಿಡಿದು ಬೇಳೆ ಚೀಲ ಲಾರಿ ಏರುವವರೆಗೆ, ಮೂರು ಬಗೆಯಲ್ಲಿ ಬರೆದು ನೋಡಿದ್ದೇವೆ: ಗೋಡೆಗೆ ಅಂಟಿಸುವ ಚೀಟಿ, ಐದು ಚಿಹ್ನೆಗಳ ಪ್ರೋಸೆಸ್ ಚಾರ್ಟ್, ಆಮೇಲೆ ಬಿಪಿಎಂಎನ್ (ಬಿಸಿನೆಸ್ ಪ್ರೋಸೆಸ್ ಮಾಡೆಲ್ ಅಂಡ್ ನೊಟೇಶನ್, ಕೆಲಸದ ಹರಿವನ್ನು ಚಿತ್ರಿಸುವ ಚಿಹ್ನೆಗಳ ಪದ್ಧತಿ). ಕಲಿಯುವವರು ಬಹುತೇಕ ಮೂರನೆಯದರಿಂದಲೇ ಶುರು ಮಾಡುತ್ತಾರೆ. ಎಡವುವುದೂ ಅಲ್ಲೇ. ಬೆನ್ನು ಹತ್ತಬೇಕಾದದ್ದು ಸರಕನ್ನೋ, ಅದರ ಜೊತೆ ಓಡಾಡುವ ಪಟ್ಟಿಯಂಥ (ಮಾರಾಟದ ಲೆಕ್ಕದ) ಕಾಗದವನ್ನೋ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳಬೇಕು.

ಚೀಟಿಗೆ ಬೇಕಾದ ಸಾಮಾನು ಕಡಿಮೆ: ಹತ್ತು ಅಡಿ ಖಾಕಿ ಕಾಗದ, 3 ಇಂಚಿನ ಚೀಟಿಗಳು, ದಪ್ಪ ಮಾರ್ಕರ್. ಮೊದಲ ಚೀಟಿ, ಕೊನೆಯ ಚೀಟಿ ಎರಡನ್ನೂ ಅಂಟಿಸಿದ ಮೇಲೆಯೇ ನಡುವಿನದಕ್ಕೆ ಕೈ ಹಾಕಿ. ಇಲ್ಲದಿದ್ದರೆ ನಕ್ಷೆ ಎಲ್ಲಿಯೂ ಮುಗಿಯುವುದಿಲ್ಲ. ಒಂದು ಚೀಟಿಗೆ ಒಂದೇ ಕೆಲಸ, ಕೊನೆಯಲ್ಲಿ ಕ್ರಿಯಾಪದ: ‘ಚೀಲ ತೂಗು’ ಸರಿ, ‘ತೂಕ ವಿಭಾಗ’ ತಪ್ಪು. ಮಾಲೀಕರು ಮತ್ತು ಮುನೀಮರಷ್ಟೇ ನಿಂತು ಬರೆದರೆ ಹೇಗೆ ನಡೆಯಬೇಕೋ ಅದು ಗೋಡೆ ಏರುತ್ತದೆ, ಹೇಗೆ ನಡೆಯುತ್ತಿದೆಯೋ ಅದಲ್ಲ. ‘ಮಾಲ್ ಬಂದದ, ಪರ್ಚಿ ಬಂದಿಲ್ರಿ’ ಎಂಬ ಮಾತು ಹಮಾಲರ ಬಾಯಿಂದಲೇ ಬರಬೇಕು. ಬೇಸಿಗೆಯ ಧೂಳಿಗೂ ಕೂಲರ್ ಗಾಳಿಗೂ ಚೀಟಿ ಉದುರುತ್ತವೆ, ಸಂಜೆ ಹೊರಡುವ ಮುನ್ನ ಟೇಪ್ ಹಚ್ಚಿ ಫೋಟೊ ತೆಗೆದುಕೊಳ್ಳಿ. ಚೀಟಿಯ ಕೊರತೆ ಎಂದರೆ ಅದರಲ್ಲಿ ಸಮಯವೂ ಇಲ್ಲ, ದೂರವೂ ಇಲ್ಲ.

ಆ ಎರಡೂ ಪ್ರೋಸೆಸ್ ಚಾರ್ಟಿನಲ್ಲಿವೆ. ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟ ವಿಧಾನ ಇದು. ಇಂದಿನ ಐದು ಚಿಹ್ನೆಗಳನ್ನು ಅದೇ ಸಂಘ 1947ರಲ್ಲಿ ಗೊತ್ತುಪಡಿಸಿತು. ವೃತ್ತ ಕೆಲಸಕ್ಕೆ, ಬಾಣ ಸಾಗಣೆಗೆ, ಚೌಕ ತಪಾಸಣೆಗೆ, ಇಂಗ್ಲಿಷಿನ ಡಿ ಅಕ್ಷರ ಕಾಯುವಿಕೆಗೆ, ತಲೆಕೆಳಗಾದ ತ್ರಿಕೋನ ದಾಸ್ತಾನಿಗೆ. ಪ್ರತಿ ಸಾಲಿನಲ್ಲೂ ಚಿಹ್ನೆ, ಮೀಟರ್, ನಿಮಿಷ, ಚೀಲಗಳ ಸಂಖ್ಯೆ. ಒಂದೇ ಲಾಟನ್ನು ಮೊದಲಿನಿಂದ ಕೊನೆಯವರೆಗೆ ಬೆನ್ನು ಹತ್ತಬೇಕು, ನಡುವೆ ಬದಲಿಸಬಾರದು.

ಈ ಚಾರ್ಟಿನ ಬೆಲೆ ಒಣಗಿಸುವ ಅಂಗಳದಲ್ಲಿ ತಿಳಿಯುತ್ತದೆ. ಎಮರಿ ರೋಲರಿನಲ್ಲಿ (ಸಿಪ್ಪೆ ಉಜ್ಜುವ ಒರಟು ಉರುಳೆಯಲ್ಲಿ) ಗೀರು ಬಿದ್ದ ತೊಗರಿಗೆ ಎಣ್ಣೆ ಹಚ್ಚಿ, ರಾತ್ರಿ ರಾಶಿ ಹಾಕಿ, ಆಮೇಲೆ ಬಿಸಿಲಿಗೆ ಹರವುತ್ತಾರೆ. ಇಡೀ ಒಣಗುವಿಕೆಗೆ ವೃತ್ತ ಹಾಕುವುದು ಎಲ್ಲರೂ ಮಾಡುವ ತಪ್ಪು. ತೇವ ಇಳಿಯುತ್ತಿರುವಷ್ಟು ಹೊತ್ತು ಮಾತ್ರ ಅದು ಕೆಲಸ. ಎರಡನೇ ಸಂಜೆಯ ತೇವದ ಮೀಟರ್ ರೀಡಿಂಗೂ ಮೂರನೇ ಸಂಜೆಯದೂ ಒಂದೇ ಆಗಿದ್ದರೆ, ಮೂರನೇ ದಿನ ತೊಗರಿ ಒಣಗಿಲ್ಲ, ರೋಲರ್ ಖಾಲಿಯಾಗಲಿ ಎಂದು ಕಾದಿದೆ. ಆ ದಿನಕ್ಕೆ ಡಿ ಬರೆಯಿರಿ. ಇಷ್ಟು ಮಾಡಿದರೆ ಅಂಗಳ ದೊಡ್ಡದು ಮಾಡಬೇಕೋ, ಯಂತ್ರದ ಪಾಳಿ ಬದಲಿಸಬೇಕೋ ಎಂಬುದು ಕಣ್ಣಿಗೆ ಬೀಳುತ್ತದೆ. ಆದರೆ ಸಿಪ್ಪೆ ಬಿಡದ ಕಾಳು ಮತ್ತೆ ರೋಲರಿಗೆ ಹೋಗುವುದನ್ನು ಈ ಚಾರ್ಟ್ ಚೆನ್ನಾಗಿ ತೋರಿಸಲಾರದು. ಅದು ನೇರ ಸಾಲು, ಹಿಂತಿರುಗುವ ದಾರಿಗೆ ಅಲ್ಲಿ ಜಾಗವಿಲ್ಲ.

ಬಿಪಿಎಂಎನ್‌ನ 2.0 ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಐಎಸ್ಒ ಮಾನಕವಾಯಿತು. ಚಿಹ್ನೆಗಳು ರಾಶಿ ಇವೆ, ಕಲಿಯುವವರಿಗೆ ಹತ್ತು ಸಾಕು. ಗಂಜಿನ ಇ-ಟೆಂಡರಿಗೆ ಇದರಷ್ಟು ಹೊಂದುವ ವಿಧಾನ ಬೇರೆ ಇಲ್ಲ: ಗೇಟ್ ಎಂಟ್ರಿ, ಲಾಟ್ ನಂಬರ್, ಬಿಡ್, ರೈತರ ಒಪ್ಪಿಗೆ, ತೂಕ, ಪಟ್ಟಿ, ಹಣ. ರೈತರು ಬೆಲೆ ಒಪ್ಪದಿದ್ದರೆ ಏನು ಎಂಬ ಬಾಣವನ್ನು ಹೆಚ್ಚಿನವರು ಮರೆಯುತ್ತಾರೆ. ಮಿಲ್ ಒಂದು ಪೂಲ್ (ಒಬ್ಬ ಪಾಲುದಾರರ ಕೆಲಸವೆಲ್ಲ ಕೂರುವ ಚೌಕಟ್ಟು), ಅಡತಿ ಅಂಗಡಿ ಇನ್ನೊಂದು. ಒಂದು ಪೂಲಿನೊಳಗೆ ಗಟ್ಟಿ ಗೆರೆ, ಎರಡರ ನಡುವೆ ತುಂಡು ಗೆರೆ ಮಾತ್ರ.

ಹೆಚ್ಚು ಕೆಡುವುದು ವಜ್ರಾಕೃತಿಯ ಗೇಟ್‌ವೇಗಳಲ್ಲಿ, ಅಂದರೆ ದಾರಿ ಒಡೆಯುವ ಅಥವಾ ಕೂಡುವ ಜಾಗಗಳಲ್ಲಿ. ಮುದ್ರಿಸಿದ ನಕ್ಷೆಯ ಮೇಲೆ ಒಂದು ತೊಗರಿ ಕಾಳಿಟ್ಟು ಸರಿಸುತ್ತ ಹೋಗಿ. ಗುಣಾಕಾರ ಚಿಹ್ನೆಯ ವಜ್ರದಲ್ಲಿ ಕಾಳು ಒಂದೇ ದಾರಿ ಹಿಡಿಯುತ್ತದೆ: ತೇವ ಹೆಚ್ಚಿದ್ದರೆ ಅಂಗಳಕ್ಕೆ, ಇಲ್ಲದಿದ್ದರೆ ರೋಲರಿಗೆ. ಆ ದಾರಿಗಳನ್ನು ಮುಂದೆ ಸಂಕಲನ ಚಿಹ್ನೆಯ ವಜ್ರದಲ್ಲಿ ಕೂಡಿಸಿದರೆ, ಅದು ಎರಡನೇ ಕಾಳಿಗಾಗಿ ಕಾಯುತ್ತದೆ, ಆ ಕಾಳು ಬರುವುದೇ ಇಲ್ಲ. ಉಲ್ಟಾ ತಪ್ಪು ಇನ್ನೂ ದುಬಾರಿ: ತೂಕದ ತಾಳೆ ಮತ್ತು ಪಟ್ಟಿಯ ತಾಳೆ ಒಟ್ಟಿಗೆ ನಡೆಯಲಿ ಎಂದು ಸಂಕಲನದಿಂದ ಒಡೆದು, ಗುಣಾಕಾರದಲ್ಲಿ ಕೂಡಿಸಿದರೆ ಎರಡೂ ಕಾಳು ಒಂದರ ಹಿಂದೊಂದು ದಾಟುತ್ತವೆ. ಹಣ ಪಾವತಿ ಎರಡು ಸಲ.

ತಂತ್ರಾಂಶಗಳಲ್ಲಿ ಡ್ರಾ.ಐಒ ಉಚಿತ, ಚಿತ್ರ ಚೆನ್ನಾಗಿ ಬರೆಯುತ್ತದೆ, ಆದರೆ ಬರೆದದ್ದನ್ನು ನಿಯಮಕ್ಕೆ ಕಟ್ಟಿಹಾಕುವುದಿಲ್ಲ. ಕಮುಂಡಾ ಮಾಡೆಲರ್ ಕೂಡ ಉಚಿತ, ಎರಡು ಪೂಲುಗಳ ನಡುವೆ ಗೆರೆ ಎಳೆದರೆ ತಾನೇ ತುಂಡು ಗೆರೆ ಮಾಡುತ್ತದೆ. ಕಲಿಯಲು ನಮ್ಮ ಆಯ್ಕೆ ಇದೇ. ಅದರ ಪೆಟ್ಟಿಗೆ ಚಿಕ್ಕದು, ಕನ್ನಡದ ಉದ್ದ ಪದಗಳು ಹೊರಗೆ ಚಾಚುತ್ತವೆ. ಮೂರು ಪದದೊಳಗೆ ಮುಗಿಸಿ.

ಮೊದಲ ದಿನ ಚೀಟಿ, ಅಂಗಳ ಮತ್ತು ಯಂತ್ರಗಳಿಗೆ ಚಾರ್ಟ್, ಖರೀದಿಯಿಂದ ಪಾವತಿಯವರೆಗಿನ ಕಾಗದಕ್ಕೆ ಬಿಪಿಎಂಎನ್: ಹೀಗೆ ಹಂಚಿಕೊಂಡರೆ ಒಂದರ ಕೆಲಸ ಇನ್ನೊಂದಕ್ಕೆ ಬೀಳದು. ಕೊನೆಗೆ ನಕ್ಷೆಯನ್ನೂ ಕಾಳನ್ನೂ ತೂಕದವರ ಕೈಗೆ ಕೊಡಿ. ವಿವರಣೆ ಕೇಳದೆ ಅವರು ಕಾಳನ್ನು ಬಿಪಿಎಂಎನ್‌ನಲ್ಲಿ ಮುಕ್ತಾಯ ಸೂಚಿಸುವ ಕೊನೆಯ ದಪ್ಪ ವೃತ್ತದವರೆಗೆ ಒಯ್ಯಲಾರದಿದ್ದರೆ, ಕಾಳು ನಿಂತ ಜಾಗದಿಂದಲೇ ತಿದ್ದಲು ಶುರು ಮಾಡಿ.