ಕಚೇರಿಯ ಗಿಡಕ್ಕೆ ತಾನೇ ನೀರುಣಿಸುವ ಕುಂಡ: ಕೊಳ್ಳಬಹುದೇ?

ಕಚೇರಿಯ ಗಿಡಗಳನ್ನು ಕೊಲ್ಲುವುದು ಬಹುಪಾಲು ಅತಿಯಾದ ನೀರು. ಕಂಡವರೆಲ್ಲ ಬಾಟಲಿಯಲ್ಲಿ ಉಳಿದದ್ದನ್ನು ಸುರಿದು ಹೋಗುತ್ತಾರೆ. ಸಾಲು ರಜೆ ಬಂದರೆ ತೊಟ್ಟು ನೀರು ಹಾಕುವವರೂ ಇರುವುದಿಲ್ಲ. ತಳದಲ್ಲಿ ನೀರಿನ ತೊಟ್ಟಿಯಿರುವ ಕುಂಡ ಈ ಎರಡೂ ತೊಂದರೆಗೆ ಒಳ್ಳೆಯ ಪರಿಹಾರ, ಆದರೆ ಎಲ್ಲ ಗಿಡಕ್ಕೂ ಅಲ್ಲ.

ಇಂಥ ಕುಂಡ ಮಾರುವವರು ಗಾಳಿ ಶುದ್ಧವಾಗುತ್ತದೆ, ಸಿಬ್ಬಂದಿ ರಜೆ ಹಾಕುವುದು ಕಡಿಮೆಯಾಗುತ್ತದೆ ಎನ್ನುವುದುಂಟು. ಮೊದಲನೆಯದನ್ನು ನಂಬಬೇಡಿ. ಈ ಮಾತಿಗೆ ಆಧಾರವಾಗಿ ತೋರಿಸುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಕೋಣೆಗಳಲ್ಲಿ. ಕಟ್ಟಡದ ಮಾಮೂಲಿ ಗಾಳಿಯಾಟಕ್ಕೆ ಗಿಡಗಳು ಸರಿಗಟ್ಟಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂದು 2019ರಲ್ಲಿ ಪ್ರಕಟವಾದ, ಸಂಶೋಧಕರಾದ ಕಮಿಂಗ್ಸ್ ಮತ್ತು ವೇರಿಂಗ್ ಅವರ ಲೆಕ್ಕ ತೋರಿಸಿದೆ. ಎರಡನೆಯದರಲ್ಲಿ ತುಸು ಹುರುಳಿದೆ. ನಾರ್ವೆಯ 51 ಕಚೇರಿ ನೌಕರರ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಿಡಗಳಿದ್ದ ಅವಧಿಯಲ್ಲಿ ದಣಿವು, ಕೆಮ್ಮು, ಒಣಗಂಟಲಿನಂಥ ದೂರುಗಳು ಒಟ್ಟಾರೆ ಶೇ 23ರಷ್ಟು ಇಳಿದವು. 2007ರ ಇನ್ನೊಂದು ಅಧ್ಯಯನದಲ್ಲಿ ಮೇಜಿನ ಹತ್ತಿರ ಗಿಡಗಳು ಹೆಚ್ಚಿದ್ದಷ್ಟೂ ಅನಾರೋಗ್ಯ ರಜೆ ಕಡಿಮೆಯೆಂಬ ನಂಟು ಕಂಡಿತು, ಆದರೆ ಸಣ್ಣದು. ಹಾಜರಾತಿ ಏರುತ್ತದೆಂದು ಇದರ ಮೇಲೆ ಭರವಸೆ ಕೊಡುವಂತಿಲ್ಲ. ಗಿಡ ಇಡುವುದಾದರೆ ಲಾಬಿಯ ಮೂಲೆಗಿಂತ ಕೂತವರ ಕಣ್ಣಿಗೆ ಬೀಳುವ ಜಾಗ ವಾಸಿ, ಗಿಡವೂ ನಳನಳಿಸುತ್ತಿರಬೇಕು.

ಕುಂಡದ ರಚನೆ ಸರಳ: ಹೊರಗಿನ ಪಾತ್ರೆ, ಒಳಗೆ ಮಣ್ಣು ತುಂಬುವ ಬುಟ್ಟಿ, ಎರಡನ್ನೂ ಜೋಡಿಸುವ ಬತ್ತಿ, ನೀರು ಹಾಕುವ ಬಾಯಿ, ಮಟ್ಟ ತೋರಿಸುವ ತೇಲುಕಡ್ಡಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಇಲ್ಲಿ ಬತ್ತಿ ನೀರನ್ನು ಬೇರಿಗೆ ಏರಿಸುತ್ತದೆ. ಹತ್ತಿಯ ಬತ್ತಿ ಕೆಲವೇ ತಿಂಗಳಲ್ಲಿ ಕೊಳೆಯುತ್ತದೆ, ಪಾಲಿಯೆಸ್ಟರ್ ಇರುವುದನ್ನೇ ಆರಿಸಿ. ಜೋಡಿಸುವ ಮುನ್ನ ಬತ್ತಿಯನ್ನು ನೀರಲ್ಲಿ ಅದ್ದಿ ಹಿಂಡದಿದ್ದರೆ ನೀರು ಮೇಲೇರುವುದೇ ಇಲ್ಲ.

ತೋಟದ ಮಣ್ಣು ಇದಕ್ಕೆ ಒಗ್ಗದು, ಗಟ್ಟಿಯಾಗಿ ಗಾಳಿಯಾಡದೆ ಬೇರು ಕೊಳೆಯುತ್ತದೆ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆರು ಪಾಲು, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಮೂರು ಪಾಲು, ಎರೆಗೊಬ್ಬರ ಒಂದು ಪಾಲು ಬೆರೆಸಿ. ನೆಟ್ಟ ಮೊದಲ ಮೂರ್ನಾಲ್ಕು ವಾರ ತೊಟ್ಟಿ ಖಾಲಿಯಿರಲಿ, ನೀರು ಮೇಲಿಂದಲೇ ಹಾಕಿ. ಬೇರು ಕೆಳಗಿಳಿದ ಮೇಲೆ ತೊಟ್ಟಿ ತುಂಬಿ. ಎಡವುವುದು ಇದರ ನಂತರ: ಕಡ್ಡಿ ತಳಕ್ಕಿಳಿದ ಕೂಡಲೇ ಮತ್ತೆ ತುಂಬಿಬಿಡುತ್ತಾರೆ. ಎರಡು ಮೂರು ದಿನ ಖಾಲಿ ಬಿಡಬೇಕು, ಬೇರಿಗೆ ಉಸಿರಾಡಲು ಆ ಬಿಡುವು ಬೇಕೇ ಬೇಕು. ಬೆಳಕು ಕಡಿಮೆಯಿದ್ದಲ್ಲಿ ಗಿಡ ನೀರು ಕುಡಿಯುವುದೂ ಕಡಿಮೆ, ಹಾಗಾಗಿ ವಾರದ ಅಂತರ ಕೊಡಿ.

ನೀರು ಕೆಳಗಿಂದಷ್ಟೇ ಏರುವುದರಿಂದ ಉಪ್ಪು ಮೇಲ್ಪದರದಲ್ಲಿ ಬಿಳಿ ಪುಡಿಯಾಗಿ ಕಟ್ಟುತ್ತದೆ, ಎಲೆಯ ತುದಿ ಕಂದಾಗುತ್ತದೆ. ಎರಡು ತಿಂಗಳಿಗೊಮ್ಮೆ ಬುಟ್ಟಿಯನ್ನು ಹೊರತೆಗೆದು ಮೇಲಿಂದ ಧಾರಾಳ ನೀರು ಹರಿಸಿ ಬಸಿಯಲು ಬಿಡಿ. ಗೊಬ್ಬರ ಲೇಬಲ್ಲಿನ ಅರ್ಧ ಪ್ರಮಾಣ ಸಾಕು. ಕೆಳಗಿಂದ ನೀರುಣಿಸುವುದರ ದೊಡ್ಡ ಲಾಭವೆಂದರೆ ಮಣ್ಣಿನ ಮೇಲ್ಭಾಗ ಒಣಗಿರುವುದು: ಬೂಸಲು ಬರುವುದು ಕಡಿಮೆ, ಒದ್ದೆ ಮಣ್ಣಿನಲ್ಲಿ ಮೊಟ್ಟೆಯಿಡುವ ಸಣ್ಣ ಕಪ್ಪು ನೊಣಗಳೂ ಕಡಿಮೆ. ಆಸ್ತಮಾ, ಅಲರ್ಜಿ ಇರುವವರ ಪಕ್ಕದಲ್ಲಿ ಇದು ಸಣ್ಣ ಮಾತಲ್ಲ. ನಾಲ್ಕಿಂಚಿನ ಕುಂಡಗಳಲ್ಲಿ ಮಾತ್ರ ತೇವ ಮೇಲಿನವರೆಗೂ ಏರಿಬಿಡುತ್ತದೆ, ಎಂಟು ಇಂಚಿಗಿಂತ ಕಡಿಮೆಯದು ಬೇಡ.

ಪೀಸ್ ಲಿಲಿ, ಸಿಂಗೋನಿಯಂ, ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್ ಇದರಲ್ಲಿ ಚೆನ್ನಾಗಿ ಬರುತ್ತವೆ. ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್ ಬೇಡವೇ ಬೇಡ, ಅವು ಒಣಮಣ್ಣು ಬಯಸುವಂಥವು. ಅವಕ್ಕೆ ತಳದಲ್ಲಿ ತೂತಿರುವ ಮಾಮೂಲಿ ಮಣ್ಣಿನ ಕುಂಡವೇ ಸರಿ.

ಕೊಳ್ಳುವಾಗ ಮೊದಲು ನೋಡಬೇಕಾದ್ದು ನೀರು ಹಾಕುವ ಬಾಯಿ. ಬಿಗಿ ಮುಚ್ಚಳವೋ ಸಣ್ಣ ಕಣ್ಣಿನ ಜಾಲರಿಯೋ ಇಲ್ಲದಿದ್ದರೆ ಎಷ್ಟೇ ಚಂದವಿದ್ದರೂ ಬಿಟ್ಟುಬಿಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನಿಂತ ತಿಳಿನೀರಿನ ಅಂಚಿನ ಗೋಡೆಗೆ ಮೊಟ್ಟೆಯಿಡುತ್ತದೆ, ಬೆಚ್ಚಗಿನ ಹವೆಯಲ್ಲಿ ಹೆಚ್ಚುಕಡಿಮೆ ವಾರ ಹತ್ತು ದಿನದಲ್ಲಿ ಅವು ಸೊಳ್ಳೆಗಳಾಗಿ ಹಾರುತ್ತವೆ. ಈಗಾಗಲೇ ಬಾಯಿ ತೆರೆದ ಕುಂಡ ಕೊಂಡಿದ್ದರೆ ನೈಲಾನ್ ಬಲೆಯ ತುಂಡನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಚೆಲ್ಲಿ ಒಳಗೋಡೆ ಉಜ್ಜಿ ತೊಳೆಯಿರಿ.